ಚಿಕ್ಕೋಡಿ ಸೀಮೆಯ ಸಂಸ್ಥಾನಗಳ ಒಳಾಡಳಿತ ಮತ್ತು ಬ್ರಿಟಿಷ್ ಪಾರ್ಲಿಮೆಂಟಿನ ಮೇಲ್ವಿಚಾರಣೆ (1818–1947)

ಒಂದು ನಾಡಿನ ಮನೆವಾರ್ತೆಯನ್ನು ಇನ್ನೊಂದು ನಾಡಿನ ಶಾಸನಸಭೆಯು ಎಷ್ಟರಮಟ್ಟಿಗೆ ನೋಡಿಕೊಳ್ಳಬಲ್ಲುದು ಎಂಬ ಪ್ರಶ್ನೆ ಬಂದಾಗ ಇತಿಹಾಸಕಾರರು ಸಾಮಾನ್ಯವಾಗಿ ಐರ್ಲೆಂಡಿನ ಉದಾಹರಣೆಯನ್ನು ಮುಂದಿಡುತ್ತಾರೆ. ಅದು ಸಹಜವೇ. ಆದರೆ ಇದೇ ಪ್ರಶ್ನೆಯು ನಮ್ಮ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಚರಿತ್ರೆಯಲ್ಲಿಯೂ ಅಡಗಿದೆ. ಕೃಷ್ಣಾ ಮತ್ತು ದೂಧಗಂಗಾ ತೀರದ ಈ ಕಿರಿದಾದ ಪ್ರದೇಶದಲ್ಲಿ ಒಂದು ಊರು ಕಂಪನಿಯ ನೇರ ಆಡಳಿತದಲ್ಲಿದ್ದರೆ, ಪಕ್ಕದ ಊರು ಸಂಸ್ಥಾನಿಕನ ಕೈಯಲ್ಲಿತ್ತು. ಲಂಡನ್ನಿನ ಮೇಲ್ವಿಚಾರಣೆ ಇವೆರಡನ್ನೂ ಯಾವ ರೀತಿಯಲ್ಲಿ ಮುಟ್ಟಿತು, ಎಲ್ಲಿ ಮುಟ್ಟದೆ ಹೋಯಿತು ಎಂಬುದನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಮೊದಲು ಐರ್ಲೆಂಡಿನ ಸ್ಥಿತಿಯನ್ನು ಸಂಕ್ಷೇಪವಾಗಿ ನೆನೆಯೋಣ. 1494ರ ಪಾಯ್ನಿಂಗ್ಸ್ ಶಾಸನದ ಮೇರೆಗೆ ಐರಿಷ್ ಪಾರ್ಲಿಮೆಂಟಿನ ಮಸೂದೆಗಳಿಗೆಲ್ಲ ಇಂಗ್ಲೆಂಡಿನ ದೊರೆಯ ಹಾಗೂ ಅವನ ಮಂತ್ರಾಲೋಚನ ಸಭೆಯ ಪೂರ್ವಾನುಮತಿ ಅವಶ್ಯವಾಯಿತು. 1720ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಐರ್ಲೆಂಡಿಗಾಗಿ ತಾನೇ ಕಾನೂನು ಮಾಡುವ ಹಕ್ಕನ್ನು ಸಾರಿತು. 1782ರಲ್ಲಿ ಈ ಬಿಗಿ ಸಡಿಲವಾಯಿತಾದರೂ, 1801ರ ಜನವರಿ 1ರಿಂದ ಜಾರಿಗೆ ಬಂದ ಐಕ್ಯ ಶಾಸನವು ಡಬ್ಲಿನ್ನಿನ ಪಾರ್ಲಿಮೆಂಟನ್ನೇ ಇಲ್ಲವಾಗಿಸಿತು. ಅದಕ್ಕೆ ಬದಲಾಗಿ ಐರಿಷರಿಗೆ ಕಾಮನ್ಸ್ ಸಭೆಯಲ್ಲಿ 100 ಸ್ಥಾನಗಳು ದೊರೆತವು. ತಮ್ಮ ಮನೆಯನ್ನು ಕಳೆದುಕೊಂಡರೂ ಒಡೆಯನ ಮನೆಯ ಜಗುಲಿಯ ಮೇಲೆ ಕುಳಿತು ದೂರು ಹೇಳುವ ಅವಕಾಶ ಅವರಿಗೆ ಉಳಿದಿತ್ತು. ಚಿಕ್ಕೋಡಿ ಸೀಮೆಯವರಿಗೆ ಅಂತಹ ಜಗುಲಿಯೂ ಇರಲಿಲ್ಲ. ಈ ವ್ಯತ್ಯಾಸವನ್ನು ಓದುಗರು ಆದ್ಯಂತವಾಗಿ ನೆನಪಿನಲ್ಲಿಡಬೇಕು.

1818ರಲ್ಲಿ ಪೇಶವೆಯ ಆಳಿಕೆ ಮುಗಿದಾಗ ದಕ್ಷಿಣ ಮಹಾರಾಷ್ಟ್ರವೆಂದು ಆಂಗ್ಲರು ಕರೆಯುತ್ತಿದ್ದ ಈ ಕನ್ನಡ ಸೀಮೆಯಲ್ಲಿ ಹೊಸ ಹಂಚಿಕೆಯಾಯಿತು. ನಿಪ್ಪಾಣಿಯ ದೇಸಾಯಿ ಸಿದ್ಧೋಜಿರಾವ ನಿಂಬಾಳಕರನ ವಶದಲ್ಲಿದ್ದ ಚಿಕ್ಕೋಡಿ ಮತ್ತು ಮನೋಳಿಗಳನ್ನು, ಯುದ್ಧದಲ್ಲಿ ಆಂಗ್ಲರ ಪಕ್ಷ ವಹಿಸಿದ್ದ ಕೊಲ್ಹಾಪುರದ ದೊರೆಗೆ ಕೊಡಲಾಯಿತು. ನಿಪ್ಪಾಣಿಯ ಸರಂಜಾಮು ದೇಸಾಯಿಗೆ ಉಳಿಯಿತು. ಪಟವರ್ಧನ ಮನೆತನದ ಶಾಖೆಗಳು ಸಾಂಗಲಿ, ಮೀರಜ, ಜಮಖಂಡಿ, ಕುರುಂದವಾಡಗಳಲ್ಲಿ ಮುಂದುವರಿದವು. 1811ರಲ್ಲಿ ಕುರುಂದವಾಡದಿಂದ ಬೇರ್ಪಟ್ಟಿದ್ದ ಶೇಡಬಾಳದ ಶಾಖೆಯೂ ಇವುಗಳಲ್ಲೊಂದು. ಶೇಡಬಾಳವು ಇಂದು ಕಾಗವಾಡ ತಾಲ್ಲೂಕಿಗೆ ಸೇರಿದ ಊರು. ರಾಯಬಾಗವು ಕೊಲ್ಹಾಪುರದ ಅಧೀನದಲ್ಲಿತ್ತು.

ಈ ಸಂಸ್ಥಾನಿಕರಿಗೆ ಒಳಾಡಳಿತದಲ್ಲಿ ಸ್ವಾತಂತ್ರ್ಯವುಂಟೆಂದು ಕರಾರುಗಳು ಹೇಳುತ್ತಿದ್ದವು. ಆದರೆ ಕರಾರಿನ ಮಾತಿಗೂ ನಡೆದ ಸಂಗತಿಗೂ ಬಹಳ ಅಂತರವಿತ್ತು. ಕೊಲ್ಹಾಪುರದ ಶಹಾಜಿ ಮಹಾರಾಜನ ನಡವಳಿಕೆಯಿಂದ ಅಸಂತುಷ್ಟರಾದ ಆಂಗ್ಲರು ಸೈನ್ಯ ಕಳುಹಿಸಿ 1827ರಲ್ಲಿ ಹೊಸ ಒಪ್ಪಂದ ಮಾಡಿಕೊಂಡರು. ಅದರಂತೆ ಚಿಕ್ಕೋಡಿ ಮತ್ತು ಮನೋಳಿಗಳು ಕಂಪನಿಯ ವಶಕ್ಕೆ ಮರಳಿದವು. ಮಂತ್ರಿಯನ್ನು ನೇಮಿಸುವ ಅಧಿಕಾರವೂ ಆಂಗ್ಲರಿಗೆ ಬಂದಿತು. ದೊರೆಯ ಮನೆಗೆ ಕಾರಭಾರಿಯನ್ನು ಹೊರಗಿನವರು ಗೊತ್ತುಮಾಡಿದ ಮೇಲೆ ಒಳಾಡಳಿತವೆಂಬುದರಲ್ಲಿ ಉಳಿಯುವುದೇನು? 1840ರ ದಶಕದಲ್ಲಿ ದೊರೆಯು ಅಪ್ರಾಪ್ತ ವಯಸ್ಕನಾಗಿದ್ದಾಗ ಆಂಗ್ಲರು ನೇಮಿಸಿದ ದಾಜಿ ಕೃಷ್ಣ ಪಂಡಿತನು ಕೈಗೊಂಡ ಸುಧಾರಣೆಗಳು ಕೋಟೆಗಳ ಗಡಕರಿಗಳ ಹಕ್ಕುಗಳಿಗೆ ತಗುಲಿದುವು. 1844ರಲ್ಲಿ ಸಾಮಾನಗಡ, ಭೂಧರಗಡ, ಪನ್ಹಾಳಗಳಲ್ಲಿ ದಂಗೆಯೆದ್ದಿತು. ದಂಗೆ ಅಡಗಿದ ಮೇಲೆ ರಾಜ್ಯದ ಆಡಳಿತವು ಪೊಲಿಟಿಕಲ್ ಅಧಿಕಾರಿಯ ಕೈಗೇ ಹೋಯಿತು. 1862ರ ಒಪ್ಪಂದದವರೆಗೆ ಅದು ದೊರೆಗೆ ಹಿಂದಿರುಗಲಿಲ್ಲ.

ಹಾಗಾದರೆ ಈ ಅಧಿಕಾರಿಯನ್ನು ವಿಚಾರಿಸುವವರು ಯಾರು? ಕಾಗದದ ಮೇಲೆ ಉತ್ತರ ಸ್ಪಷ್ಟವಾಗಿದೆ. ಏಜಂಟನು ಮುಂಬಯಿ ಸರ್ಕಾರಕ್ಕೆ, ಮುಂಬಯಿ ಸರ್ಕಾರವು ಗವರ್ನರ್ ಜನರಲನಿಗೆ, ಅವನು ಕಂಪನಿಯ ಡೈರೆಕ್ಟರರ ಸಭೆಗೆ ಉತ್ತರವಾದಿ. 1784ರ ಪಿಟ್ಟನ ಕಾನೂನಿನಿಂದ ಸ್ಥಾಪಿತವಾದ ನಿಯಂತ್ರಣ ಮಂಡಲಿಯ ಮೂಲಕ ಡೈರೆಕ್ಟರರು ಪಾರ್ಲಿಮೆಂಟಿನ ಕಣ್ಣಿಗೆ ಬೀಳುತ್ತಿದ್ದರು. ಇದಲ್ಲದೆ 1813, 1833, 1853ರಲ್ಲಿ ಕಂಪನಿಯ ಸನ್ನದನ್ನು ನವೀಕರಿಸುವಾಗ ಪಾರ್ಲಿಮೆಂಟು ವಿಚಾರಣಾ ಸಮಿತಿಗಳನ್ನು ನೇಮಿಸಿ ಸಾಕ್ಷ್ಯ ಪಡೆಯುತ್ತಿತ್ತು. ಆದರೆ ಇಪ್ಪತ್ತು ವರ್ಷಕ್ಕೊಮ್ಮೆ ತೆರೆಯುವ ಕಣ್ಣು ನಡುವಣ ಅವಧಿಯಲ್ಲಿ ನಡೆದುದನ್ನು ತಡೆಯಲಾರದು.

ದತ್ತಕದ ಪ್ರಶ್ನೆಯಲ್ಲಿ ಇದು ಚೆನ್ನಾಗಿ ವ್ಯಕ್ತವಾಗುತ್ತದೆ. 1824ರಲ್ಲಿ ಕಿತ್ತೂರಿನ ದತ್ತಕವನ್ನು ಮಾನ್ಯಮಾಡದೆ ಕೋಟೆಯ ಬಾಗಿಲಿಗೆ ಬಂದ ಧಾರವಾಡದ ಕಲೆಕ್ಟರ ಥ್ಯಾಕರೆಯು ಅಕ್ಟೋಬರ್ 23ರಂದು ಹತನಾದನು. ರಾಣಿ ಚೆನ್ನಮ್ಮನ ಕಥೆ ಕನ್ನಡಿಗರೆಲ್ಲರಿಗೂ ತಿಳಿದದ್ದು. ಇಲ್ಲಿ ನಾವು ಗಮನಿಸಬೇಕಾದ ಅಂಶವೆಂದರೆ, ಒಂದು ಮನೆತನದ ಅಳಿವು ಉಳಿವಿನ ನಿರ್ಣಯವು ಲಂಡನ್ನಿನಲ್ಲಿ ಚರ್ಚೆಯಾಗುವುದಕ್ಕೆ ಮೊದಲೇ ಸ್ಥಳದಲ್ಲಿ ಫಿರಂಗಿಯ ಮೂಲಕ ಇತ್ಯರ್ಥವಾಗುತ್ತಿತ್ತು. 1834ರಲ್ಲಿ ಡೈರೆಕ್ಟರರು ದತ್ತಕಕ್ಕೆ ಅನುಮತಿ ಕೊಡುವುದು ಅಪವಾದವಾಗಿರಬೇಕೇ ಹೊರತು ನಿಯಮವಾಗಿರಬಾರದೆಂದು ತಿಳಿಸಿದರು. 1839ರಲ್ಲಿ ವಾರಸುದಾರರಿಲ್ಲವೆಂಬ ಕಾರಣದಿಂದ ನಿಪ್ಪಾಣಿಯೂ ಅದರೊಡನೆ ಅಥಣಿಯೂ ಕಂಪನಿಗೆ ಸೇರಿದವು. 1857ರಲ್ಲಿ ಶೇಡಬಾಳದ ಗತಿಯೂ ಅದೇ ಆಯಿತು.

ಪಾರ್ಲಿಮೆಂಟಿನ ಬಾಗಿಲು ತಟ್ಟಿದರೆ ಏನಾಗುತ್ತಿತ್ತೆಂಬುದಕ್ಕೆ ನೆರೆಯ ಸಾತಾರೆಯ ನಿದರ್ಶನವಿದೆ. 1839ರಲ್ಲಿ ಪದಚ್ಯುತನಾದ ಪ್ರತಾಪಸಿಂಹನ ಪರವಾಗಿ ರಂಗೋ ಬಾಪೂಜಿಯು ಲಂಡನ್ನಿಗೆ ಹೋಗಿ ಹತ್ತು ವರ್ಷಕ್ಕೂ ಮೇಲ್ಪಟ್ಟು ಅಲ್ಲಿ ನೆಲೆಸಿ ಹೋರಾಡಿದನು. ಜೋಸೆಫ್ ಹ್ಯೂಮ್ ಮೊದಲಾದ ಸದಸ್ಯರು ಕಾಮನ್ಸ್ ಸಭೆಯಲ್ಲಿ ವಿಷಯವನ್ನೆತ್ತಿದರು. ಫಲ ಮಾತ್ರ ಶೂನ್ಯ. 1848ರಲ್ಲಿ ಸಾತಾರೆಯನ್ನೇ ಡಾಲ್‌ಹೌಸಿಯು ವಶಪಡಿಸಿಕೊಂಡನು. ಅಷ್ಟು ಹೆಸರಾಂತ ಮನೆತನಕ್ಕೆ ದೊರೆಯದ ನ್ಯಾಯವನ್ನು ನಿಪ್ಪಾಣಿ ಶೇಡಬಾಳಗಳು ಅಲ್ಲಿ ನಿರೀಕ್ಷಿಸುವಂತಿರಲಿಲ್ಲ.

ಸಂಸ್ಥಾನಿಕರ ಮಾತು ಹಾಗಿರಲಿ. 1843ರಲ್ಲಿ ಈ ಸೀಮೆಯಲ್ಲಿ ಆರಂಭವಾಗಿ 1852ರ ಹನ್ನೊಂದನೆಯ ಕಾನೂನಿನಿಂದ ಬಲಗೊಂಡ ಇನಾಮು ಕಮಿಶನ್ನು ಸಣ್ಣ ಇನಾಮುದಾರರ ಮನೆಯ ಕಾಗದಪತ್ರಗಳನ್ನೂ ಶೋಧಿಸಿತು. ಇದರಲ್ಲಿ ಕೆಲಸ ಮಾಡಿದ್ದ ಮ್ಯಾನ್ಸನ್ ಮುಂದೆ ಪೊಲಿಟಿಕಲ್ ಏಜಂಟನಾಗಿ, ದತ್ತಕಕ್ಕೆ ಅನುಮತಿ ದೊರೆಯದೆ ಕುಪಿತನಾಗಿದ್ದ ನರಗುಂದದ ಭಾಸ್ಕರರಾವ ಬಾಬಾಸಾಹೇಬನಿಂದ 1858ರ ಮೇ 29ರಂದು ಸುರೇಬಾನದಲ್ಲಿ ಹತನಾದನು. ಅದೇ ವರ್ಷ ಕಂಪನಿಯ ಆಳಿಕೆ ಮುಗಿದು, ನವೆಂಬರ್ 1ರ ರಾಣಿಯ ಘೋಷಣೆಯು ಸಂಸ್ಥಾನಿಕರ ಹಕ್ಕುಗಳನ್ನು ಗೌರವಿಸುವುದಾಗಿ ಭರವಸೆ ಕೊಟ್ಟಿತು. 1862ರಲ್ಲಿ ದತ್ತಕದ ಸನ್ನದುಗಳು ಬಂದವು. ಶೇಡಬಾಳದ ಪಾಲಿಗೆ ಅವು ಐದು ವರ್ಷ ತಡವಾಗಿದ್ದವು.

1858ರ ಬಳಿಕ ಪಾರ್ಲಿಮೆಂಟಿನ ಹಿಡಿತ ಬಿಗಿಯಾಯಿತೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಭಾರತ ಮಂತ್ರಿಯು ಪಾರ್ಲಿಮೆಂಟಿನ ಸದಸ್ಯನಾಗಿದ್ದನೆಂಬುದು ನಿಜ. ಆದರೆ ಸನ್ನದಿನ ಕಾಲದ ನಿಯತ ವಿಚಾರಣೆ ನಿಂತುಹೋಯಿತು. ಮೇಲಾಗಿ 1919ರ ಕಾನೂನಿನವರೆಗೂ ಈ ಮಂತ್ರಿಯ ಸಂಬಳವನ್ನು ಭಾರತದ ಬೊಕ್ಕಸವೇ ತೆರುತ್ತಿದ್ದುದರಿಂದ, ಸಂಬಳದ ಬೇಡಿಕೆಯ ಮೇಲೆ ಚರ್ಚಿಸಿ ಮಂತ್ರಿಯನ್ನು ತರಾಟೆಗೆ ತೆಗೆದುಕೊಳ್ಳುವ ಅವಕಾಶ ಕಾಮನ್ಸ್ ಸಭೆಗಿರಲಿಲ್ಲ. ಆ ಸಭೆಯಲ್ಲಿ ಭಾರತದ ಪರವಾಗಿ ದನಿಯೆತ್ತಿದವರಲ್ಲಿ ಐರಿಷ್ ಸದಸ್ಯರೂ ಇದ್ದರೆಂಬುದು ಗಮನಾರ್ಹ. ಅವರಲ್ಲೊಬ್ಬನಾದ ಆಲ್‌ಫ್ರೆಡ್ ವೆಬ್ 1894ರ ಮದರಾಸು ಕಾಂಗ್ರೆಸ್ಸಿನ ಅಧ್ಯಕ್ಷನಾಗಿದ್ದನು.

ಸಂಸ್ಥಾನಗಳ ಪ್ರಜೆಗಳ ಸ್ಥಿತಿ ಇದಕ್ಕಿಂತಲೂ ವಿಚಿತ್ರ. ಚಿಕ್ಕೋಡಿ ಅಥಣಿಗಳ ಕಷ್ಟಸುಖವನ್ನು ಕಾಲಕ್ರಮದಲ್ಲಿ ಮುಂಬಯಿಯ ಶಾಸನಸಭೆಯಲ್ಲಿ ಹೇಳಬಹುದಾಯಿತು. ರಾಯಬಾಗದ್ದನ್ನು ಎಲ್ಲಿ ಹೇಳಬೇಕು? ಸಂಸ್ಥಾನಿಕರೊಡನೆ ಸರ್ಕಾರಕ್ಕಿರುವ ಸಂಬಂಧದ ಬಗ್ಗೆ ಪ್ರಶ್ನೆ ಕೇಳುವುದನ್ನು 1919ರ ಸುಧಾರಣೆಯ ಬಳಿಕದ ಕೇಂದ್ರ ಶಾಸನಸಭೆಯ ನಿಯಮಗಳೇ ನಿಷೇಧಿಸಿದ್ದವು. ಪತ್ರಿಕೆಗಳ ಮಾರ್ಗವೂ ಸುಗಮವಾಗಿರಲಿಲ್ಲ. ಕೊಲ್ಹಾಪುರದ ಅರಸನ ವಿಷಯದಲ್ಲಿ ಅಲ್ಲಿಯ ಕಾರಭಾರಿಯನ್ನು ಟೀಕಿಸಿ ಬರೆದುದಕ್ಕಾಗಿ 1882ರಲ್ಲಿ ತಿಲಕರೂ ಆಗರಕರರೂ 101 ದಿನ ಸೆರೆವಾಸ ಅನುಭವಿಸಿದ್ದರು. 1922ರಲ್ಲಿ ಸಂಸ್ಥಾನಿಕರ ವಿರುದ್ಧ ಅಪ್ರೀತಿ ಹುಟ್ಟಿಸುವ ಬರಹಗಳನ್ನು ತಡೆಯುವ ಕಾನೂನನ್ನು, ಭಾರತೀಯ ಶಾಸನಸಭೆಯು ಒಪ್ಪದಿದ್ದರೂ, ವೈಸರಾಯನು ತನ್ನ ವಿಶೇಷಾಧಿಕಾರದಿಂದ ಜಾರಿಗೆ ತಂದನು.

ಇಷ್ಟರಿಂದ ಸಂಸ್ಥಾನದ ಆಡಳಿತವೆಲ್ಲ ಕೆಟ್ಟದಾಗಿತ್ತೆಂದು ತೀರ್ಮಾನಿಸುವುದು ಆತುರವಾದೀತು. ಕೊಲ್ಹಾಪುರದ ಶಾಹೂ ಮಹಾರಾಜರು 1902ರಲ್ಲಿ ತಮ್ಮ ರಾಜ್ಯದ ನೌಕರಿಗಳಲ್ಲಿ ನೂರಕ್ಕೆ 50 ಸ್ಥಾನಗಳನ್ನು ಹಿಂದುಳಿದವರಿಗೆ ಮೀಸಲಿಟ್ಟರು. 1917ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯವೂ ಉಚಿತವೂ ಆಗಿ ಮಾಡಲು ಹೊರಟರು. ಪಾರ್ಲಿಮೆಂಟಿನ ಆಧೀನ್ಯದಲ್ಲಿದ್ದ ಚಿಕ್ಕೋಡಿಗೆ ಆಗ ಬಾರದ ಸುಧಾರಣೆಯು ರಾಯಬಾಗವನ್ನು ಒಳಗೊಂಡ ರಾಜ್ಯದಲ್ಲಿ ಬಂದಿತು. ಆದರೆ ಅದು ಒಬ್ಬ ಪ್ರಭುವಿನ ಸದ್ಗುಣದ ಫಲವೇ ಹೊರತು ಪ್ರಜೆಗಳು ಕೇಳಿ ಪಡೆದ ಹಕ್ಕಲ್ಲ. ಪ್ರಭು ಬದಲಾದರೆ ಅದನ್ನು ಉಳಿಸಿಕೊಳ್ಳುವ ಸಾಧನ ಅವರ ಕೈಯಲ್ಲಿರಲಿಲ್ಲ.

1929ರ ಬಟ್ಲರ್ ಸಮಿತಿಯು ಸಾರ್ವಭೌಮತ್ವಕ್ಕೆ ನಿಶ್ಚಿತವಾದ ಎಲ್ಲೆ ಹಾಕಲು ನಿರಾಕರಿಸಿತು. 1935ರ ಕಾನೂನು ಸಂಸ್ಥಾನಗಳ ವ್ಯವಹಾರವನ್ನು ದೊರೆಯ ಪ್ರತಿನಿಧಿಗೆ ವಹಿಸಿ, ಭಾರತೀಯ ಮಂತ್ರಿಗಳು ಅದನ್ನು ಮುಟ್ಟದಂತೆ ಮಾಡಿತು. ಐರ್ಲೆಂಡಿನ ಬಹುಭಾಗವು ಅದಕ್ಕೂ ಮೊದಲೇ, 1922ರಲ್ಲಿ, ಸ್ವತಂತ್ರ ರಾಜ್ಯವಾಗಿತ್ತು. ಕೊನೆಗೆ 1947ರಲ್ಲಿ ಇದೇ ಪಾರ್ಲಿಮೆಂಟು ಭಾರತ ಸ್ವಾತಂತ್ರ್ಯ ಕಾನೂನಿನ ಏಳನೆಯ ಕಲಮಿನಿಂದ ಆ ಸಾರ್ವಭೌಮತ್ವವನ್ನೇ ರದ್ದುಮಾಡಿತು. ಶತಮಾನಕ್ಕೂ ಮೇಲ್ಪಟ್ಟು ತಾನು ವಿವರವಾಗಿ ವಿಚಾರಿಸದೆ ಬಿಟ್ಟಿದ್ದ ಅಧಿಕಾರವನ್ನು ಅದು ಕೆಲವೇ ಸಾಲುಗಳಲ್ಲಿ ಕೈಬಿಟ್ಟಿತು. ಕೊಲ್ಹಾಪುರವು 1949ರ ಮಾರ್ಚ್ 1ರಂದು ಮುಂಬಯಿ ಪ್ರಾಂತದಲ್ಲಿ ವಿಲೀನವಾಗಿ ರಾಯಬಾಗವು ಬೆಳಗಾವಿ ಜಿಲ್ಲೆಗೆ ಸೇರಿತು. 1956ರ ನವೆಂಬರ್ 1ರಂದು ಈ ಐದೂ ಊರುಗಳು ಮೈಸೂರು ರಾಜ್ಯಕ್ಕೆ ಬಂದವು.

ಮೇಲಿನ ವಿವೇಚನೆಯಿಂದ ನಾವು ತಲುಪುವ ನಿರ್ಣಯವಿಷ್ಟು: ಮೇಲ್ವಿಚಾರಣೆಯ ಏಣಿಯಲ್ಲಿ ಮೆಟ್ಟಿಲುಗಳ ಕೊರತೆಯಿರಲಿಲ್ಲ, ಕೊರತೆಯಿದ್ದುದು ಕೆಳಗಿನ ಮೆಟ್ಟಿಲಿನಲ್ಲಿ ನಿಂತವನ ದನಿಗೆ. ಪ್ರಾತಿನಿಧ್ಯವಿದ್ದೂ ಐರ್ಲೆಂಡು ತೃಪ್ತವಾಗಲಿಲ್ಲವೆಂದರೆ, ಅದಿಲ್ಲದ ನಮ್ಮ ಸೀಮೆಯ ಮೌನವನ್ನು ಸಮ್ಮತಿಯೆಂದು ಓದುವುದು ಇತಿಹಾಸಕಾರನಿಗೆ ಸಲ್ಲದು. ಏಜಂಟನ ವರದಿಗಳನ್ನು ಆಧರಿಸಿ ಬರೆಯುವ ವಿದ್ಯಾರ್ಥಿಗಳು, ಆ ವರದಿಗಳಿಗೆ ಎದುರುತ್ತರ ಕೊಡುವ ಅವಕಾಶ ಯಾರಿಗಿತ್ತೆಂದು ಮೊದಲು ಕೇಳಿಕೊಳ್ಳುವುದು ಉಚಿತ.