ಲಾವಂಚದ ತಟ್ಟಿ

ಕಿಟಕಿಯ ಪರದೆಯನ್ನು ನಾವು ಅಲಂಕಾರವೆಂದೇ ಬಗೆಯುತ್ತೇವೆ. ಉತ್ತರ ಹಿಂದೂಸ್ಥಾನದ ಬೇಸಗೆಗೆ ಅದು ಅಲಂಕಾರವಾಗಿರಲಿಲ್ಲ. ಅಕ್ಬರನ ಕಾಲದಲ್ಲಿ ಬಿದಿರಿನ ಮನೆಗಳಿಗೆ ಲಾವಂಚದ ಬೇರನ್ನು ತುಂಬಿ, ತಣ್ಣೀರೆರಚಿ, ನಡುಬೇಸಗೆಯಲ್ಲಿ ಚಳಿಗಾಲವನ್ನು ತರಿಸುತ್ತಿದ್ದರೆಂದು ಅಬುಲ್ ಫಜಲನು ‘ಐನ್-ಇ-ಅಕ್ಬರಿ’ಯಲ್ಲಿ ಬರೆದಿದ್ದಾನೆ. ಆಸ್ಥಾನದವನ ಮಾತು, ಆದರೂ ಬರಿಯ ಹೊಗಳಿಕೆಯಲ್ಲ. ಮುಂದೆ ಕಂಪೆನಿಯ ಸಾಹೇಬರು ಇದೇ ಬೇರಿನ ತಟ್ಟಿಗಳನ್ನು ಪಡುವಣ ಬಾಗಿಲು ಕಿಟಕಿಗಳಿಗೆ ಕಟ್ಟಿಸಿದರು. ಒಂದು ಗ್ರಾಂ ನೀರು ಆವಿಯಾಗುವಾಗ ಸುಮಾರು 580 ಕ್ಯಾಲೊರಿ ಶಾಖವನ್ನು ಹೀರುತ್ತದೆ. ತಟ್ಟಿಯ ಮೂಲಕ ನುಸುಳುವ ಬಿಸಿಗಾಳಿ ಅದರಿಂದಲೇ ತಂಪಾಗುವುದು. ಒಣಗಾಳಿಯ ದೆಹಲಿಗೆ ಇದು ಸಲ್ಲುತ್ತದೆ; ಗಾಳಿಯೇ ತೇವವಾಗಿರುವ ಮಂಗಳೂರಿನಲ್ಲಿ ತಟ್ಟಿ ನೆನೆಸಿದರೆ ಹೆಚ್ಚು ಫಲವಿಲ್ಲ. ಅಲ್ಲದೆ, ತಟ್ಟಿ ಬಿಸಿಲನ್ನು ಹೊರಗೇ ತಡೆಯುತ್ತಿತ್ತು. ಗಾಜನ್ನು ದಾಟಿ ಬಂದ ಬಿಸಿಲಿಗೆ ನಾವು ಒಳಗಿನಿಂದ ಎಳೆಯುವ ಪರದೆಯಾದರೋ ತಾನೇ ಕಾದು, ಆ ಕಾವಿನ ಬಹುಪಾಲನ್ನು ಕೋಣೆಗೇ ಬಿಡುತ್ತದೆ.

ನೀರೆರಚುತ್ತಿದ್ದವರು ಯಾರು? ಫ್ರೆಂಚ್ ವೈದ್ಯ ಬರ್ನಿಯೆ 1663ರಲ್ಲಿ ದೆಹಲಿಯಿಂದ ಬರೆದ ಪತ್ರದಲ್ಲಿ, ಬೇರಿನ ಮನೆಗಳನ್ನು ಸೇವಕರು ತೊಗಲಿನ ಚೀಲಗಳಿಂದ ನೆನೆಸುತ್ತಿದ್ದ ಸಂಗತಿ ಬರುತ್ತದೆ. ಸಾಹೇಬರ ಬಂಗಲೆಯಲ್ಲಿಯೂ ಆ ಆಳು ಇದ್ದನು. ಒಳಗಿನವರಿಗೆ ಲಾವಂಚದ ಪರಿಮಳ. ತಟ್ಟಿ ಒಣಗದಂತೆ ಬಿಸಿಗಾಳಿಯಲ್ಲಿ ನಿಂತು ನೀರೆರಚುವುದು ಅವನ ಪಾಲು.