ವಿಜಯಪುರದ ಸಾಠ ಕಬರ: ಒಂದು ಐತಿಹ್ಯದ ವಿಚಾರ

ಜನರು ಅಂಜಿ ನಡೆಯುವ ಸ್ಥಳಗಳ ಪಟ್ಟಿಯೊಂದು ಬಸವಣ್ಣನವರ ವಚನವೊಂದರಲ್ಲಿ ಬರುತ್ತದೆಂಬುದನ್ನು ವಚನಾಭ್ಯಾಸಿಗಳು ಬಲ್ಲರು. ಪಾಳುಬಿದ್ದ ದಿಬ್ಬ, ಊರಿನ ಹಾದಿ, ಕೆರೆ, ಬಾವಿ, ನಾಲ್ಕು ದಾರಿ ಕೂಡುವ ಎಡೆ, ದೊಡ್ಡ ಆಲದ ಮರ ಇವುಗಳಲ್ಲಿ ಬೀಡುಬಿಟ್ಟು, ಬಸುರಿ ಬಾಣಂತಿಯರನ್ನೂ ಎಳೆಗೂಸುಗಳನ್ನೂ ಪೀಡಿಸುವ ಕ್ಷುದ್ರಶಕ್ತಿಗಳನ್ನು ಹೆಸರು ಹಿಡಿದು ಕರೆದು, ಇಂಥ ಮಡಕೆಗಳು ನೂರಿದ್ದರೂ ಕೂಡಲಸಂಗಮನಿಗೆ ಶರಣೆಂಬ ಒಂದೇ ದೊಣ್ಣೆ ಸಾಕೆಂದು ಅವರು ನುಡಿಯುತ್ತಾರೆ. ವಚನದ ತಾತ್ಪರ್ಯ ಏಕದೇವನಿಷ್ಠೆ. ಅದರಲ್ಲಿ ಎರಡು ಮಾತಿಲ್ಲ. ಆದರೆ ಇತಿಹಾಸದ ದೃಷ್ಟಿಯಿಂದ ನೋಡಿದಾಗ, 12ನೆಯ ಶತಮಾನದ ಕನ್ನಡನಾಡಿನ ಸಾಮಾನ್ಯ ಜನ ಎಲ್ಲೆಲ್ಲಿ ದೆವ್ವಗಳಿವೆಯೆಂದು ನಂಬಿದ್ದರೆಂಬುದಕ್ಕೆ ಇದಕ್ಕಿಂತ ಪ್ರಾಮಾಣಿಕವಾದ ಸಾಕ್ಷ್ಯ ಬೇರೊಂದು ಸಿಕ್ಕುವುದು ಕಷ್ಟ. ಆ ಪಟ್ಟಿಯಲ್ಲಿರುವ 'ಬೆಂತರ'ವೆಂಬ ಶಬ್ದ 'ವ್ಯಂತರ'ದ ತದ್ಭವ. ಜೈನಾಗಮಗಳಲ್ಲಿ ವ್ಯಂತರರು ದೇವತೆಗಳ ಒಂದು ವರ್ಗ. ಒಂದು ಮತದ ಕಿರುದೇವತೆ ಜನರ ಬಾಯಲ್ಲಿ ದೆವ್ವವಾದ ಬಗೆ ಕುತೂಹಲಕರವಾದುದು. ಅದು ಪ್ರತ್ಯೇಕ ಲೇಖನದ ವಿಷಯ.

ನಾನು ಇಲ್ಲಿ ಹೇಳಹೊರಟಿರುವುದು, ಬಸವಣ್ಣನವರು ಹುಟ್ಟಿದ ಬಾಗೇವಾಡಿಯಿರುವ ಜಿಲ್ಲೆಯಲ್ಲಿಯೇ, ಜಿಲ್ಲೆಯ ಮುಖ್ಯ ಪಟ್ಟಣದ ಹೊರವಲಯದಲ್ಲಿರುವ ಒಂದು ಸ್ಥಳವನ್ನು ಕುರಿತು. ಹಿಂದೆ ಬಿಜಾಪುರವೆನಿಸಿ 2014ರಿಂದ ಅಧಿಕೃತವಾಗಿ ವಿಜಯಪುರವೆನಿಸಿರುವ ಈ ಪಟ್ಟಣಕ್ಕೆ ಬರುವವರು ಗೋಳಗುಮ್ಮಟವನ್ನೂ ಇಬ್ರಾಹಿಂ ರೋಜಾವನ್ನೂ ನೋಡಿ ಹಿಂದಿರುಗುತ್ತಾರೆ. ಪಶ್ಚಿಮಕ್ಕೆ, ಜಾಲಿಯ ಮುಳ್ಳುಕಂಟಿಗಳ ನಡುವೆ ಇರುವ ಗೋರಿಗಳ ಕಟ್ಟೆಗೆ ಹೋಗುವವರು ವಿರಳ. ಅದನ್ನು ಜನ 'ಸಾಠ ಕಬರ' ಎನ್ನುತ್ತಾರೆ. ದಖನಿಯಲ್ಲಿ ಸಾಠ ಎಂದರೆ ಅರವತ್ತು. ಇತ್ತೀಚೆಗೆ ಕೆಲವರು ಇದನ್ನು 'ಸಾತ್ ಕಬರ್' ಎಂದು ಬರೆಯುತ್ತಿದ್ದಾರೆ. ಒಂದು ಅಕ್ಷರದ ಪ್ರಮಾದದಿಂದ ಅರವತ್ತು ಗೋರಿಗಳು ಏಳಾಗಿಬಿಡುತ್ತವೆ. ಕಾಗುಣಿತ ತಿದ್ದುತ್ತ ಆಯುಷ್ಯ ಕಳೆದವನಿಗೆ ಇಂಥದು ಕಣ್ಣಿಗೆ ಚುಚ್ಚುತ್ತದೆ.

ಈ ಪಶ್ಚಿಮಭಾಗ ಪಾಳಾದ ಕಥೆಯನ್ನು ಮೊದಲು ತಿಳಿಯಬೇಕು. ಎರಡನೆಯ ಇಬ್ರಾಹಿಂ ಆದಿಲಶಾಹ 1599ರಲ್ಲಿ ಇತ್ತ ಕಡೆಯೇ ನವರಸಪುರವೆಂಬ ಹೊಸ ನಗರವನ್ನು ಕಟ್ಟಲಾರಂಭಿಸಿದನು. 1624ರಲ್ಲಿ ಮಲಿಕ್ ಅಂಬರನು ಅದನ್ನು ಹಾಳುಗೆಡವಿದನು. 1686ರಲ್ಲಿ ರಾಜಧಾನಿಯೇ ಔರಂಗಜೇಬನ ವಶವಾಯಿತು. ಎರಡು ವರ್ಷ ಕಳೆಯುವಷ್ಟರಲ್ಲಿ ಪ್ಲೇಗು ಬಡಿಯಿತು. ಬಾದಶಹನ ಬೇಗಮಳೊಬ್ಬಳೇ ಅದಕ್ಕೆ ಬಲಿಯಾದಳೆಂದ ಮೇಲೆ ಸಾಮಾನ್ಯರ ಪಾಡನ್ನು ಹೇಳಬೇಕಿಲ್ಲ. 1791-92ರ ಕ್ಷಾಮವನ್ನು ಈ ಸೀಮೆಯವರು 'ಡೋಗಿಬರ', ಅಂದರೆ ತಲೆಬುರುಡೆಗಳ ಬರ ಎಂದು ಕರೆದರು. ಹೂಳುವವರಿಲ್ಲದೆ ಸತ್ತವರ ಬುರುಡೆಗಳು ಬಯಲಲ್ಲಿ ಬಿದ್ದಿದ್ದುವಂತೆ. 1876ರಿಂದ 78ರವರೆಗಿನ ಬರ ಮತ್ತೊಂದು. ಸಂಸ್ಕಾರವಿಲ್ಲದೆ ಸತ್ತವರು ಇಷ್ಟು ಮಂದಿಯಿರುವ ನೆಲದಲ್ಲಿ ದೆವ್ವದ ಕಥೆಗಳು ಹುಟ್ಟದಿದ್ದರೆ ಆಶ್ಚರ್ಯಪಡಬೇಕಾಗಿತ್ತು. ಆದರೂ ಬರದಲ್ಲಿ ಸತ್ತವರನ್ನು ಕುರಿತು ಅಲ್ಲಿ ನಾನು ಒಂದು ಕಥೆಯನ್ನೂ ಕೇಳಲಿಲ್ಲ. ಕೇಳಿದುದೆಲ್ಲ ಆ ಗೋರಿಗಳ ಹೆಂಗಸರ ಕಥೆಯೇ.

ಐತಿಹ್ಯ ಹೀಗಿದೆ. ಎರಡನೆಯ ಅಲಿ ಆದಿಲಶಾಹನ ಕಾಲದಲ್ಲಿ, ರಾಜಮಾತೆ ಬಡೀ ಸಾಹಿಬಾ ಆಡಳಿತದ ಸೂತ್ರ ಹಿಡಿದಿದ್ದಾಗ, ಸೇನಾನಿ ಅಫಜಲಖಾನನನ್ನು ಶಿವಾಜಿಯ ಮೇಲೆ ಕಳುಹಿಸಲು ನಿಶ್ಚಯವಾಯಿತು. ಹೊರಡುವ ಮುನ್ನ ಜ್ಯೋತಿಷಿಯೊಬ್ಬನು, ನೀನು ಜೀವಸಹಿತ ಮರಳಲಾರೆ ಎಂದನು. ತಾನು ಸತ್ತ ಮೇಲೆ ತನ್ನ ಹೆಂಡಂದಿರು ಪರರ ಪಾಲಾಗಬಾರದೆಂದು ಖಾನನು ಅವರನ್ನೆಲ್ಲ ಒಬ್ಬೊಬ್ಬರಾಗಿ ಬಾವಿಗೆ ನೂಕಿಸಿ ಕೊಲ್ಲಿಸಿದನು. ಒಬ್ಬಳು ಮಾತ್ರ ತಪ್ಪಿಸಿಕೊಂಡು ಓಡಿದಳು. ಅವಳು ಸಿಕ್ಕಿಬಿದ್ದಳೆಂದು ಕೆಲವರು, ಸಿಗಲೇ ಇಲ್ಲವೆಂದು ಕೆಲವರು ಹೇಳುತ್ತಾರೆ.

ನಾನು ಅಲ್ಲಿಗೆ ಹೋದದ್ದು ನಿವೃತ್ತನಾದ ಮೇಲೆ, ಒಂದು ಮಾಘಮಾಸದ ಮಧ್ಯಾಹ್ನ. ಹತ್ತಿರದಲ್ಲಿ ಎಮ್ಮೆ ಮೇಯಿಸುತ್ತಿದ್ದ ಮುದುಕಿಯೊಬ್ಬಳನ್ನು, "ಯವ್ವಾ, ಇಲ್ಲಿ ದೆವ್ವ ಕಾಡತಾವಂತ, ಖರೇ ಏನು?" ಎಂದು ಕೇಳಿದೆ. ಅವಳು ನನ್ನ ಮುಖವನ್ನೂ ನೋಡದೆ ಹೇಳಿದಳು: "ಕಾಡಂಗಿಲ್ಲ ಯಪ್ಪಾ ಅವು. ಅಳತಾವ, ಅಷ್ಟ. ಅಳೂದು ಕೇಳೂದು ಆಗಂಗಿಲ್ಲಂತ ಹೊತ್ತು ಮುಣುಗಿದ ಮ್ಯಾಲ ಯಾರೂ ಇತ್ತಾಗ ಬರಂಗಿಲ್ಲ." ದೆವ್ವದ ಕಥೆಗಳನ್ನು ಸಂಗ್ರಹಿಸುವವರು ಸಾಮಾನ್ಯವಾಗಿ ಭಯವನ್ನು ದಾಖಲಿಸುತ್ತಾರೆ. ಆ ಮುದುಕಿಯ ಮಾತಿನಲ್ಲಿ ಭಯವಿರಲಿಲ್ಲ.

ಇನ್ನು ಪರಿಶೀಲನೆಗೆ ಬರೋಣ. ಅಫಜಲಖಾನನು 1659ರ ನವೆಂಬರ 10ರಂದು ಪ್ರತಾಪಗಡದ ಬುಡದಲ್ಲಿ ಹತನಾದುದು ಸರ್ವವಿದಿತ. ಅವನ ಸಮಾಧಿ ಅಲ್ಲಿಯೇ ಇದೆ. ವಿಜಯಪುರದ ಪಶ್ಚಿಮಕ್ಕಿರುವ ಅಫಜಲಪುರದಲ್ಲಿ (ಇದು ಕಲಬುರ್ಗಿ ಜಿಲ್ಲೆಯ ತಾಲೂಕು ಕೇಂದ್ರವಾದ ಅಫಜಲಪುರವಲ್ಲ) ಅವನು ತನಗಾಗಿ ಅರಮನೆಯನ್ನೂ ಎರಡಂತಸ್ತಿನ ಮಸೀದಿಯನ್ನೂ ಗೋರಿಯನ್ನೂ ಕಟ್ಟಿಸಿದನು. ಮಸೀದಿ 1653ರಲ್ಲಿ ಮುಗಿಯಿತು. ಗೋರಿ ಅಪೂರ್ಣವಾಗಿಯೇ ಉಳಿದು, ಅದರ ಒಡೆಯ ಅದರಲ್ಲಿ ಮಲಗಲಿಲ್ಲ. ಹೆಂಗಸರ ಗೋರಿಗಳ ಕಟ್ಟೆ ಅಲ್ಲಿಂದ ದೂರವೇನಿಲ್ಲ. ಆದಿಲಶಾಹಿ ಕಟ್ಟಡಗಳನ್ನು ಅಳೆದು ವಿವರಿಸಿದ ಹೆನ್ರಿ ಕೌಸೆನ್ಸ್ 1916ರಲ್ಲಿ ಪ್ರಕಟವಾದ ತನ್ನ ಬೃಹದ್ಗ್ರಂಥದಲ್ಲಿ ಇವನ್ನೂ ಲೆಕ್ಕ ಹಾಕಿದ್ದಾನೆ. ಹನ್ನೊಂದು ಸಾಲುಗಳು, 63 ಗೋರಿಗಳು, ಮತ್ತೊಂದು ತೆರೆದ ಬರಿಯ ಗುಂಡಿ, ಒಟ್ಟು 64. ಗೋರಿಯ ಮೇಲುಭಾಗ ಚಪ್ಪಟೆಯಾಗಿದ್ದರೆ ಅದು ಹೆಂಗಸಿನದೆಂಬುದು ಅಲ್ಲಿಯ ರೂಢಿ. ಇಲ್ಲಿ ಎಲ್ಲವೂ ಚಪ್ಪಟೆ.

ಕಥೆಯಲ್ಲಿ ಶಂಕಿಸಬೇಕಾದ ಅಂಶಗಳಿವೆ. ಮರಣದ ಭವಿಷ್ಯ ನುಡಿಯುವ ಜ್ಯೋತಿಷಿ ಸಾಮಾನ್ಯವಾಗಿ ಮರಣವಾದ ಮೇಲೆಯೇ ಕಥೆಯೊಳಗೆ ಪ್ರವೇಶಿಸುತ್ತಾನೆ. ಮಹಾಪುರುಷನೋ ಕ್ರೂರಿಯೋ ಆದವನು ಅನಿರೀಕ್ಷಿತವಾಗಿ ಸತ್ತರೆ, ಅದು ಮೊದಲೇ ವಿಧಿಲಿಖಿತವಾಗಿತ್ತೆಂದು ಹೇಳಿದ ಹೊರತು ಜನಮನಸ್ಸಿಗೆ ಸಮಾಧಾನವಾಗದು. ಇನ್ನು, ದಂಡಯಾತ್ರೆಗೆ ಹೊರಟ ಅವಸರದಲ್ಲಿ ಕೊಂದವರಿಗೆ ಇಷ್ಟು ಅಚ್ಚುಕಟ್ಟಾಗಿ ಗೋರಿ ಕಟ್ಟಿಸಿದವರು ಯಾರು? ಇದು ಒಂದು ದೊಡ್ಡ ಮನೆತನದ ಹೆಂಗಸರಿಗಾಗಿ ಮೀಸಲಿಟ್ಟ ಸಮಾಧಿಸ್ಥಳವೇಕಾಗಿರಬಾರದು? ಹಾಗೆಂದರೆ, ಅನೇಕ ವರ್ಷಗಳಲ್ಲಿ ಒಂದೊಂದಾಗಿ ಆದ ಗೋರಿಗಳಲ್ಲಿ ಅಳತೆ, ಮಾದರಿ, ಅಂತರ ಇಷ್ಟು ಏಕರೂಪವಾಗಿರಲು ಹೇಗೆ ಸಾಧ್ಯವೆಂಬ ಪ್ರತಿಪ್ರಶ್ನೆ ಏಳುತ್ತದೆ. ಒಂದೇ ಸಲಕ್ಕೆ, ಒಂದೇ ಯೋಜನೆಯಂತೆ ಕಟ್ಟಿದವೆಂದೇ ನೋಡಿದವರಿಗೆ ತೋರುತ್ತದೆ. ಕೊಲೆಯನ್ನು ಕಲ್ಲು ಸಾಧಿಸಿಕೊಡಲಾರದು. ಆದರೆ ಅಷ್ಟೊಂದು ಹೆಂಗಸರನ್ನು ಒಟ್ಟಿಗೆ ಒಂದೆಡೆ ಮಣ್ಣುಮಾಡಿದರೆಂಬುದನ್ನು ಕಲ್ಲು ಬಲವಾಗಿಯೇ ಸೂಚಿಸುತ್ತದೆ. ಇದಕ್ಕಿಂತ ಮುಂದೆ ಹೋಗಲು ನಾನು ಸಿದ್ಧನಿಲ್ಲ.

ಇಲ್ಲಿ ಇನ್ನೊಂದು ಮಾತು. ಅಫಜಲಖಾನನ ಹೆಸರೆತ್ತಿದೊಡನೆ ಮಾತು ಪ್ರತಾಪಗಡಕ್ಕೆ ಹಾರುತ್ತದೆ; ಯಾರು ಯಾರಿಗೆ ಮೊದಲು ಇರಿದರೆಂಬ ಜಗಳ ಶುರುವಾಗುತ್ತದೆ. ಒಂದು ಪಕ್ಷದವರಿಗೆ ಈ ಗೋರಿಗಳು ಖಾನನ ಕ್ರೌರ್ಯಕ್ಕೆ ಪುರಾವೆಯಾಗಿ ಬೇಕು. ಮತ್ತೊಂದು ಪಕ್ಷದವರಿಗೆ ಕಥೆ ಸುಳ್ಳೆಂದು ತೋರಿಸುವುದು ಬೇಕು. ಗೋರಿಯೊಳಗಿರುವವರು ಇಬ್ಬರಿಗೂ ಬೇಡ.

63 ಎಂಬ ಸಂಖ್ಯೆಯನ್ನು ಕಂಡು ನಮ್ಮ ಓದುಗರಿಗೆ ಅರುವತ್ತುಮೂವರು ಪುರಾತನರ ನೆನಪು ಬಾರದಿರದು. ಇದು ಕೇವಲ ಕಾಕತಾಳೀಯ. ಇದರಿಂದ ಏನನ್ನೂ ಹೊರಡಿಸಲು ಯತ್ನಿಸಬಾರದು. ಆದರೂ ಹೇಳದೆ ಇರಲಾರೆ. ಆ ಅರುವತ್ತುಮೂವರಲ್ಲಿ ಒಬ್ಬಳಾದ ಕಾರಿಕಾಲಮ್ಮೆ, ಸೇಕ್ಕಿಳಾರನ ಪೆರಿಯಪುರಾಣದ ಪ್ರಕಾರ, ತನ್ನ ಚೆಲುವನ್ನು ಕಳಚಿ ದೆವ್ವದ ರೂಪವನ್ನು ತಾನಾಗಿ ಬೇಡಿ ಪಡೆದಳು. ಗಂಡ ತೊರೆದುಹೋದ ಮೇಲೆ ಆ ದೇಹದ ಹೊರೆ ಅವಳಿಗೆ ಬೇಡವಾಯಿತು. ಅಕ್ಕಮಹಾದೇವಿಯೂ ಮಲಗುವುದಕ್ಕೆ ಪಾಳು ಗುಡಿಗಳಿವೆಯೆಂದು ನಿಶ್ಚಿಂತಳಾದವಳು. ಅಕ್ಕನಿಗೆ ಹಾಸಿಗೆಯಾದ ಆ ಪಾಳು ಗುಡಿ ಉಳಿದ ಹೆಂಗಸರು ಸಂಜೆಯ ಮೇಲೆ ಹತ್ತಿರ ಸುಳಿಯದ ಸ್ಥಳ. ಈ ಇಬ್ಬರಿಗೂ ಹೆಸರಿದೆ, ನುಡಿಯಿದೆ, ಅವರ ಚರಿತ್ರೆಯನ್ನು ಬರೆದ ಹರಿಹರನಿದ್ದಾನೆ. ಸಾಠ ಕಬರದ ಒಬ್ಬಳ ಹೆಸರೂ ನಮಗೆ ಉಳಿದುಬಂದಿಲ್ಲ.

ಈ ಕ್ರೌರ್ಯ ಒಂದು ಮತದವರ ಸೊತ್ತೆಂದು ಯಾರೂ ಭಾವಿಸಬೇಕಾಗಿಲ್ಲ. ಹೆಗ್ಗಡದೇವನಕೋಟೆ ಸೀಮೆಯ ಬೆಳತೂರಿನಲ್ಲಿ 1057ರ ಪ್ರಸಿದ್ಧ ಶಾಸನವಿದೆ. ಚೋಳರಾಜನು ಗಂಡನನ್ನು ತಲಕಾಡಿನಲ್ಲಿ ಕೊಲ್ಲಿಸಿದ ಸುದ್ದಿ ಕೇಳಿ, ಹೆತ್ತವರು ಬೇಡವೆಂದು ಗೋಗರೆದರೂ ನಿಲ್ಲದೆ ಬೆಂಕಿಗೆ ಬಿದ್ದ ದೇಕಬ್ಬೆಯ ಶಾಸನವದು. ಮಾಸ್ತಿಕಲ್ಲುಗಳು ನಮ್ಮ ನಾಡಿನ ಎಷ್ಟು ಊರುಗಳ ಅಂಚಿನಲ್ಲಿಲ್ಲ! ಕೆರೆಗೆ ಹಾರವಾದ ಭಾಗೀರಥಿಯ ಹಾಡನ್ನು ಕೇಳದ ಹಳ್ಳಿಯವರಿಲ್ಲ. ಕಲ್ಲನಕೇರಿಯ ಕೆರೆಗೆ ನೀರು ಬರಲೆಂದು ಮಲ್ಲನಗೌಡನು ಕೊಟ್ಟದ್ದು ಕಿರಿಸೊಸೆಯನ್ನು. ಆದರೆ ಒಂದು ಭೇದವನ್ನು ಗಮನಿಸಬೇಕು. ದೇಕಬ್ಬೆಗೆ ಶಾಸನ ದೊರೆಯಿತು. ಮಾಸ್ತಿಗಳು ಮಾಸ್ತಮ್ಮಗಳಾಗಿ ಪೂಜೆಗೊಂಡರು. ಭಾಗೀರಥಿಗೆ ಹಾಡು ಸಿಕ್ಕಿತು. ಊರು ಒಪ್ಪಿ, ಊರೇ ನಿಂತು ನೋಡಿದ ಸಾವಾದರೆ ಹೆಣ್ಣು ದೇವತೆಯಾಗುತ್ತಾಳೆ. ಊರು ಮುಚ್ಚಿಟ್ಟ ಸಾವಾದರೆ ಅವಳು ದೆವ್ವ. ನಾನು ಕೇಳಿದ ಬಾವಿಯ ದೆವ್ವಗಳ ಕಥೆಗಳಲ್ಲೆಲ್ಲ ಈ ನಿಯಮ ತಪ್ಪಿದುದನ್ನು ಕಂಡಿಲ್ಲ. ತುಳುನಾಡಿನ ಭೂತಗಳ ವಿಚಾರ ಬೇರೆ. ಅಲ್ಲಿ ಅನ್ಯಾಯದಿಂದ ಸತ್ತವರಿಗೂ ಕೋಲ ಕಟ್ಟಿ, ಪಾಡ್ದನ ಹಾಡಿ, ಊರ ಮುಂದೆ ಮಾತಾಡಲು ಬಿಡುತ್ತಾರೆ. ಬಯಲುಸೀಮೆಯ ನಮಗೆ ಆ ಏರ್ಪಾಡಿಲ್ಲ.

ಆಧುನಿಕ ನಗರದಲ್ಲಿಯೂ ದೆವ್ವ ಹೆಣ್ಣೇ. 1990ರ ದಶಕದಲ್ಲಿ ಬೆಂಗಳೂರಿನಲ್ಲಿಯೂ ಅನೇಕ ಹಳ್ಳಿಗಳಲ್ಲಿಯೂ ಮನೆಯ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದುಕೊಂಡಿದ್ದರು. ರಾತ್ರಿ ಹೆಣ್ಣುದೆವ್ವವೊಂದು ಪರಿಚಿತರ ದನಿಯಲ್ಲಿ ಕರೆಯುತ್ತದೆ, ಬರಹವನ್ನು ಓದಿ ಹಿಂದಿರುಗುತ್ತದೆ, ಮರುದಿನ ಬಂದಾಗಲೂ ಅದೇ ಉತ್ತರ ಅದಕ್ಕೆ ಕಾದಿರುತ್ತದೆ ಎಂಬ ನಂಬಿಕೆ. ನಾಳೆ ಒದಗತಕ್ಕದ್ದು ಈಗಲೇ ಒದಗಲೆಂದ ಬಸವಣ್ಣನವರ ನಾಡಿನಲ್ಲಿ ಬಾಗಿಲಿಗೆ ಇಂಥ ಬರಹ! ಓದು ಬರಹ ಬಲ್ಲ ದೆವ್ವವೆಂದು ಅಂದು ನಾನು ತರಗತಿಯಲ್ಲಿ ನಗೆಯಾಡಿದ್ದುಂಟು.

ಅಂಥದೇ ನಗೆಗೆ ಒಮ್ಮೆ ತಕ್ಕ ಉತ್ತರ ದೊರೆಯಿತು. ನಾನು ಇನ್ನೂ ಎಳೆಯ ಶಿಕ್ಷಕನಾಗಿದ್ದಾಗ ಕೆಲಸಮಾಡುತ್ತಿದ್ದ ಹಳ್ಳಿಯೊಂದರ ಶಾಲೆಯ ಹಿಂದೆ ಕಲ್ಲುಕಟ್ಟಿದ ಬಾವಿಯಿತ್ತು. ಬೇಸಗೆಯಲ್ಲಿಯೂ ನೀರಿರುತ್ತಿದ್ದರೂ ಯಾರೂ ಸೇದುತ್ತಿರಲಿಲ್ಲ. ಮಕ್ಕಳು ಆ ಮಗ್ಗುಲಿಗೆ ಹೋಗುತ್ತಿರಲಿಲ್ಲ. ಅವರ ಮೌಢ್ಯವನ್ನು ಕಳೆಯಬೇಕೆಂದು ನಾನು ಮೇಲೆ ಹೇಳಿದ ವಚನವನ್ನೇ ಕರಿಹಲಗೆಯ ಮೇಲೆ ಬರೆದು, ಮಡಕೆಗಳ ಉಪಮೆಯನ್ನು ಅಭಿನಯಸಹಿತ ವಿವರಿಸಿ, ಬಾವಿಯಲ್ಲಿರುವುದು ಎಂಥ ಮಡಕೆ ಎಂದು ಕೇಳಿದೆ. ಎಲ್ಲರೂ ನಕ್ಕರು. ಹಿಂದಿನ ಸಾಲಿನಲ್ಲಿದ್ದ ಹುಡುಗಿಯೊಬ್ಬಳು ಎದ್ದು ನಿಂತು, "ಅಕಿ ಮಡಕಿ ಅಲ್ರಿ ಗುರುಗಳ, ನಮ್ಮ ಚಿಗವ್ವ" ಎಂದಳು. ತರಗತಿ ಸ್ತಬ್ಧವಾಯಿತು. ಆ ದಿನ ಮುಂದೆ ಪಾಠ ಮಾಡಲು ನನ್ನಿಂದಾಗಲಿಲ್ಲ. ಸಂಜೆ ಹಿರಿಯರೊಬ್ಬರನ್ನು ವಿಚಾರಿಸಿದರೆ, ಕಾಲು ಜಾರಿ ಬಿದ್ದಳೆಂದರು. ಮರುಕ್ಷಣವೇ ಮಾತು ಬದಲಿಸಿದರು.

ವಚನ ಸುಳ್ಳಾಗಲಿಲ್ಲ. ಅದು ಹಿಡಿದು ತಿನ್ನುವ ದೈವಗಳ ಮೇಲೆ ಎತ್ತಿದ ದೊಣ್ಣೆ. ನಾನು ಅದನ್ನು ಬೀಸಿದ್ದು ನೀರಿಗೆ ಬಿದ್ದವಳೊಬ್ಬಳ ಮೇಲೆ. ಬಸವಣ್ಣನವರು ಹೇಳಿದ ಬಾವಿಗೂ ನಮ್ಮ ಶಾಲೆಯ ಬಾವಿಗೂ ನಡುವಣ ಅಂತರ ನನಗೆ ಅರಿವಾದುದು ಆ ಮಗುವಿನಿಂದ. ಅಂದಿನಿಂದ ಯಾವ ಊರಿನಲ್ಲಿ ದೆವ್ವದ ಬಾವಿಯೆಂದು ಕೇಳಿದರೂ, ಕಥೆಯನ್ನು ಆಮೇಲೆ ಕೇಳಿ, ಮೊದಲು ಸತ್ತವಳ ಹೆಸರು, ತವರೂರು, ಸತ್ತ ವರ್ಷ ಇಷ್ಟನ್ನು ವಿಚಾರಿಸಿ ಬರೆದಿಟ್ಟುಕೊಳ್ಳುತ್ತ ಬಂದಿದ್ದೇನೆ. ಜಾನಪದದ ವಿದ್ಯಾರ್ಥಿಗಳು ಈ ಕೆಲಸವನ್ನು ನನಗಿಂತ ಕ್ರಮವಾಗಿ ಮಾಡಬಲ್ಲರು. ಗಂಡಸರು ಹೆಸರನ್ನು ಮರೆತಿರುತ್ತಾರೆ, ಇಲ್ಲವೆ ಮರೆತೆವೆನ್ನುತ್ತಾರೆ. ಮುದುಕಿಯರಿಗೆ ನೆನಪಿರುತ್ತದೆ.

ಆ ಹುಡುಗಿಯ ಚಿಗವ್ವನ ಹೆಸರು ನನ್ನ ಟಿಪ್ಪಣಿಯ ಮೊದಲ ಪುಟದಲ್ಲಿದೆ. ಅವಳ ಕಡೆಯವರು ಇಂದಿಗೂ ಆ ಊರಿನಲ್ಲಿರುವುದರಿಂದ ಇಲ್ಲಿ ಬರೆದಿಲ್ಲ.