ನಾಯಿಗಳ ಬೆನ್ನುನೋವು
ಬೆನ್ನುಮೂಳೆಯ ಮಣಿಗಳ ನಡುವಿನ ಡಿಸ್ಕ್ ಜಾರಿ ಮಿದುಳುಬಳ್ಳಿಯನ್ನು ಒತ್ತಿದಾಗ ಬರುವ ನೋವು, ನಡೆದಾಟದ ತೊಂದರೆ ಇದು. ಗಿಡ್ಡಗಾಲಿನ ಡ್ಯಾಶ್‌ಹುಂಡ್‌ಗಳಲ್ಲಿ 3ರಿಂದ 7 ವರ್ಷದೊಳಗೆ ಹೆಚ್ಚು. ಬೆನ್ನು ಗೂನಾಗುತ್ತದೆ, ನಾಯಿ ಜಗಲಿ ಹತ್ತಲು ಹಿಂಜರಿಯುತ್ತದೆ. ಹಿಂಗಾಲಿನ ಉಗುರು ನೆಲಕ್ಕೆ ಉಜ್ಜಿ ಸವೆದಿದೆಯೇ ನೋಡಬೇಕು. ನಾಯಿ ನೋವನ್ನು ಬಚ್ಚಿಡುವ ಪ್ರಾಣಿಯಾದ್ದರಿಂದ ಇಂಥ ಗುರುತುಗಳನ್ನು ಗಮನಿಸಬೇಕು. ಮನೆಯವರು ನುಂಗುವ ನೋವಿನ ಮಾತ್ರೆ ಐಬುಪ್ರೊಫೇನ್ ಕೊಟ್ಟರೆ ಹೊಟ್ಟೆ ಹುಣ್ಣಾಗಿ ಮೂತ್ರಪಿಂಡ ಕೆಡಬಹುದು. ಬರೀ ನೋವಿದ್ದರೆ ಕನಿಷ್ಠ 4 ವಾರ ಕಟ್ಟುನಿಟ್ಟಿನ ವಿಶ್ರಾಂತಿ, ವೈದ್ಯರು ಬರೆದ ಔಷಧಿ ಸಾಕಾಗಬಹುದು. ಕಾಲು ಸೋತಿದ್ದರೆ ನೋವಿನ ಅರಿವು ಉಳಿದಿದೆಯೇ ಎಂದು ಪರೀಕ್ಷಿಸಬೇಕು: ಹಿಂಗಾಲಿನ ಬೆರಳು ಚಿವುಟಿದಾಗ ಕಾಲೆಳೆದುಕೊಂಡರಷ್ಟೇ ಸಾಲದು, ತಿರುಗಿ ನೋಡಬೇಕು ಇಲ್ಲವೇ ಕುಂಯ್‌ಗುಡಬೇಕು. ಆ ಅರಿವೇ ಇಲ್ಲದಿದ್ದರೆ ಶಸ್ತ್ರಚಿಕಿತ್ಸೆ ತುರ್ತು. ಮಾರಿಕಣಿವೆ ಸುತ್ತಿನವರು ಮೊದಲು ಹಿರಿಯೂರಿನಲ್ಲಿ ಪಶುವೈದ್ಯರಿಗೆ ತೋರಿಸಿ, ಬೇಕೆಂದರೆ ಶಿವಮೊಗ್ಗ ಅಥವಾ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಒಯ್ಯಬಹುದು. ಒಯ್ಯುವಾಗ ಎತ್ತಿಕೊಳ್ಳದೆ, ಬೆನ್ನು ಬಾಗದಂತೆ ಹಲಗೆಯ ಮೇಲೆ ಮಲಗಿಸಬೇಕು.